ಮೊಲದ ಕೊಂಬಿನ ದರಪಟ್ಟಿ

ಜಾಗತಿಕ ಮಾರುಕಟ್ಟೆ ವರದಿಗಳಿಗೆ ಒಂದು ಸಿದ್ಧ ಅಚ್ಚಿದೆ. ಮೊದಲು ಒಟ್ಟು ವಹಿವಾಟು, ಆಮೇಲೆ ಹೆಚ್ಚು ಕೊಂಡ ದೇಶ, ಹೆಚ್ಚು ಮಾರಿದ ದೇಶ, ನಂತರ ‘ಸರಾಸರಿ ಬೆಲೆ’, ಕೊನೆಗೆ ಮುಂದಿನ ಹತ್ತು ವರ್ಷಗಳ ಮುನ್ನೋಟ. ಸೋಯಾ, ಯೂರಿಯಾ, ಉಕ್ಕಿನ ಮಟ್ಟಿಗೆ ಈ ಅಚ್ಚು ಹೇಗೋ ಹೊಂದಿಕೊಳ್ಳುತ್ತದೆ. ಅದನ್ನೇ ಜೀವಂತ ಮೊಲಗಳ ಮೇಲೂ ಒತ್ತಿ, ಇಂಥ ದೇಶದ ಮೊಲ ಅಗ್ಗ, ಇಂಥ ದೇಶದ್ದು ತುಟ್ಟಿ ಎಂದು ಪಟ್ಟಿ ಮಾಡುವ ಪರಿಪಾಠವೂ ಬೆಳೆದಿದೆ. ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗ ನಮ್ಮ ತರ್ಕಶಾಸ್ತ್ರದವರು ಮೊಲದ ಕೊಂಬನ್ನು ತೋರಿಸುತ್ತಿದ್ದರು. ಈ ವರದಿಗಳು ಅದಕ್ಕೆ ದರಪಟ್ಟಿಯನ್ನೇ ಹಾಕಿಕೊಟ್ಟಿವೆ.

ಅಂಕಿಅಂಶದ ಮೂಲ ಮಾತ್ರ ಗಟ್ಟಿಯಾದದ್ದೇ. ದೇಶದೇಶಗಳ ಕಸ್ಟಮ್ಸ್ ಇಲಾಖೆಗಳು 1988ರಿಂದ ಎಚ್‌ಎಸ್ ಎಂಬ ಏಕರೂಪದ ಸಂಕೇತ ಪದ್ಧತಿಯಲ್ಲಿ ಸರಕನ್ನು ವಿಂಗಡಿಸುತ್ತಿವೆ. 2012ರ ಪರಿಷ್ಕರಣೆಯವರೆಗೂ ಮೊಲಗಳು ‘ಇತರ ಸಸ್ತನಿಗಳು’ ಎಂಬ ಗುಂಪಿನೊಳಗೆ ಕಳೆದುಹೋಗಿದ್ದವು. ಆ ವರ್ಷ ಸಾಕುಮೊಲ, ಕಾಡುಮೊಲ ಎರಡಕ್ಕೂ ಸೇರಿಸಿ 0106.14 ಎಂಬ ಪ್ರತ್ಯೇಕ ಸಂಖ್ಯೆ ಸಿಕ್ಕಿತು. ಯಾವ ದೇಶದಿಂದ ಯಾವ ದೇಶಕ್ಕೆ ಎಷ್ಟು ಮೌಲ್ಯದ ಮೊಲ ಹೋಯಿತು ಎಂದು ಈಗ ಯಾರು ಬೇಕಾದರೂ ನೋಡಬಹುದು. ಇದು ದೊಡ್ಡ ಅನುಕೂಲವೇ. ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ‘ಬೆಲೆ’ ಎಂದು ಕರೆಯುವಲ್ಲಿಂದ ತೊಡಕು ಶುರು.

ಆ ಒಂದು ಸಂಕೇತದ ಕೆಳಗೆ ಯಾವ್ಯಾವ ಪ್ರಾಣಿ ಇದೆ ನೋಡಿ. ಗಡಿಯಾಚೆಯ ಕಸಾಯಿಖಾನೆಗೆ ಲಾರಿಯಲ್ಲಿ ಹೋಗುವ ಮಾಂಸದ ಮೊಲ ಒಂದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂರುವ ಕುಳ್ಳ ಜಾತಿಯ ಮುದ್ದಿನ ಮೊಲ ಇನ್ನೊಂದು. ಮೂರನೆಯದು ತಳಿಮೊಲ. ನಾಲ್ಕನೆಯದು ಬೇಟೆಗಾರರಿಗೆಂದು ಹಿಡಿದು ಸಾಗಿಸುವ ಕಾಡುಮೊಲ. ಕೊನೆಯ ಎರಡು ವ್ಯಾಪಾರಗಳನ್ನು ಹತ್ತಿರದಿಂದ ನೋಡಿದರೆ ಸರಾಸರಿ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ.

ಫ್ರಾನ್ಸ್‌ನ ಹೈಪ್ಲಸ್, ಹೈಕೋಲ್, ಹೈಲಾ ತಳಿಗಳಿಗೆ ದೂರದ ದೇಶಗಳಲ್ಲೂ ಗಿರಾಕಿಗಳಿದ್ದಾರೆ. ಚೀನಾದ ಸಾಕಣೆದಾರರೂ ಈ ತಳಿಗಳನ್ನು ತರಿಸಿಕೊಂಡಿದ್ದಾರೆ. ಇವು ಅನೇಕ ಸಲ ಹೊರಡುವುದು ಬೆಳೆದ ಮೊಲಗಳಾಗಿ ಅಲ್ಲ, ಹುಟ್ಟಿ ಒಂದು ದಿನವಾದ, ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಐವತ್ತು ಅರವತ್ತು ಗ್ರಾಂ ತೂಕದ ಮರಿಗಳಾಗಿ. ತಾಯಿಮೊಲ ದಿನಕ್ಕೆ ಒಂದೇ ಸಲ, ಕೆಲವೇ ನಿಮಿಷ ಹಾಲೂಡುತ್ತದೆ. ಹೊಟ್ಟೆ ತುಂಬಿದ ಮರಿಗಳನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಕಳಿಸಿ, ತಲುಪಿದಲ್ಲಿ ಅದೇ ಹೊತ್ತಿಗೆ ಈದ ಬೇರೆ ತಾಯಿಯ ಗೂಡಿಗೆ ಬಿಟ್ಟರಾಯಿತು. ಕೊಂಡವನು ಇಲ್ಲಿ ತೂಕಕ್ಕೆ ದುಡ್ಡು ಕೊಡುತ್ತಿಲ್ಲ, ವರ್ಷಗಟ್ಟಲೆ ನಡೆದ ತಳಿ ಆಯ್ಕೆಯ ಕೆಲಸಕ್ಕೆ ಕೊಡುತ್ತಿದ್ದಾನೆ.

ಕಾಡುಮೊಲದ್ದು ಬೇರೆಯೇ ಲೋಕ. ಹಂಗೆರಿಯ ಬಯಲಿನಲ್ಲಿ ಚಳಿಗಾಲ ಬಂತೆಂದರೆ ಉದ್ದಕ್ಕೆ ಬಲೆ ಕಟ್ಟಿ, ಆಳುಗಳು ಸಾಲಾಗಿ ನಡೆದು ಸೋವಿ, ಮೊಲಗಳನ್ನು ಜೀವಂತ ಹಿಡಿಯುತ್ತಾರೆ. ಟುಲರೀಮಿಯಾ ಎಂಬ ಸೋಂಕು ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿ, ಇಟಲಿ, ಫ್ರಾನ್ಸ್‌ಗಳಿಗೆ ಕಳಿಸುತ್ತಾರೆ. ಅಲ್ಲಿನ ಬೇಟೆ ಸಂಘಗಳು ಬರಿದಾದ ತಮ್ಮ ಬಯಲುಗಳಿಗೆ ಅವನ್ನು ಬಿಟ್ಟುಕೊಳ್ಳುತ್ತವೆ. ಪಂಜರದಲ್ಲಿ ಸುಲಭವಾಗಿ ಮರಿ ಮಾಡದ ಈ ಪ್ರಾಣಿಯ ಬೆಲೆ ಮಾಂಸದ ಮೊಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದೂ ತಲೆಯ ಲೆಕ್ಕದಲ್ಲಿ.

ಈಗ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ದೇಶ ಈ ವರ್ಷ ತಲಾ ಎರಡು ಕಿಲೋ ತೂಗುವ 5,000 ಮಾಂಸದ ಮೊಲಗಳನ್ನು ಕಿಲೋಗೆ 2 ಯೂರೋದಂತೆ ಮಾರಿತು: 20,000 ಯೂರೋ. ಜೊತೆಗೆ 60 ಗ್ರಾಂ ತೂಕದ 1,000 ತಳಿಮರಿಗಳನ್ನು ತಲಾ 20 ಯೂರೋಗೆ ಮಾರಿತು: ಇನ್ನೊಂದು 20,000. ಒಟ್ಟು 10,060 ಕಿಲೋಗೆ 40,000 ಯೂರೋ, ಅಂದರೆ ಸರಾಸರಿ ಕಿಲೋಗೆ ಸುಮಾರು 4 ಯೂರೋ. ಈ ದರ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಮುಂದಿನ ವರ್ಷ ಮಾಂಸದ ಲಾರಿ ಹೋಗಲಿಲ್ಲ, ಮರಿಗಳು ಮಾತ್ರ ಹೋದವು ಎನ್ನಿ. ಸರಾಸರಿ ಕಿಲೋಗೆ 333 ಯೂರೋಗೆ ಜಿಗಿಯಿತು! ಯಾವ ಮೊಲದ ಬೆಲೆಯೂ ಒಂದು ಪೈಸೆ ಏರದೆ ‘ಬೆಲೆ’ ಎಂಬತ್ತು ಪಟ್ಟಿಗೂ ಮಿಕ್ಕಿ ಏರಿತು. ಇದೇ ಲೆಕ್ಕವನ್ನು ತಲೆಗಿಷ್ಟು ಎಂದು ಹಾಕಿದರೆ ಏರಿಕೆ ಮೂರೇ ಪಟ್ಟು. ವರದಿಯ ಲೇಖಕರು ಈ ಜಿಗಿತಕ್ಕೆ ‘ಬೇಡಿಕೆಯ ಬಲ’ ಎಂದೋ ‘ಗುಣಮಟ್ಟದ ಒಲವು’ ಎಂದೋ ಕಾರಣ ಹೊಸೆಯುತ್ತಾರೆ.

ಪ್ರಮಾಣದ ಅಂಕಿಯೂ ಯಾವಾಗಲೂ ಎಣಿಸಿದ್ದೋ ತೂಗಿದ್ದೋ ಆಗಿರುವುದಿಲ್ಲ. ದೇಶಗಳು ತೂಕ ಕೊಡದಿದ್ದಾಗ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ದತ್ತಾಂಶದಲ್ಲಿ ಮೌಲ್ಯದಿಂದಲೇ ಅದನ್ನು ಅಂದಾಜು ಮಾಡುವ ರೂಢಿಯಿದೆ; ಅದಕ್ಕೆ ಬಳಸುವುದು ಒಂದು ಪ್ರಮಾಣಿತ ಘಟಕ ಬೆಲೆಯನ್ನು. ಅಲ್ಲಿಗೆ ಬೆಲೆಯಿಂದ ತೂಕ ತೆಗೆದು, ಆ ತೂಕದಿಂದ ಮತ್ತೆ ಬೆಲೆ ತೆಗೆದಂತಾಯಿತು. ಅಂದಾಜು ಎಂಬ ಗುರುತನ್ನು ಕಾಮ್‌ಟ್ರೇಡ್ ಪ್ರಾಮಾಣಿಕವಾಗಿ ಹಾಕಿರುತ್ತದೆ. ಅದನ್ನು ಅಳಿಸಿ ಮುಂದಿಡುವುದು ವರದಿಗಾರರ ತಪ್ಪು. ಇದರ ಮೇಲೆ, ರಫ್ತಿನ ಮೌಲ್ಯದಲ್ಲಿ ಗಡಿಯಾಚೆಯ ಸಾಗಣೆ, ವಿಮೆಗಳು ಸೇರುವುದಿಲ್ಲ, ಆಮದಿನದರಲ್ಲಿ ಸೇರುತ್ತವೆ. ಉಸಿರಾಡುವ ಸರಕಿಗೆ ಸಾಗಣೆ ವೆಚ್ಚವೆಂದರೆ ಪುಡಿಗಾಸಲ್ಲ. ಎರಡೂ ಬದಿಯ ದರಗಳನ್ನು ಪಕ್ಕಪಕ್ಕ ಇಟ್ಟು ನಡುವಿನ ಅಂತರವನ್ನು ‘ಲಾಭ’ ಎಂದು ಓದಿದರೆ ಮೋಸಹೋದಂತೆ.

ದೋಷವೆಲ್ಲ ವರದಿಗಾರರದೇ ಅಲ್ಲ, ಸಂಕೇತ ಹೆಣೆದವರದೂ ಇದೆ. ದನ, ಹಂದಿಗಳ ವಿಷಯದಲ್ಲಿ ಶುದ್ಧ ತಳಿಯ ಪ್ರಾಣಿಗಳನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ಹಂದಿಗೆ ಐವತ್ತು ಕಿಲೋದ ಆಚೆ ಈಚೆ ಎಂಬ ಗೆರೆಯೂ ಇದೆ. ಮೊಲಕ್ಕೆ ಅಂಥ ಗೆರೆ ಎಳೆದಿಲ್ಲ. ಯೂರೋಪಿಯನ್ ಒಕ್ಕೂಟ ಎಂಟಂಕಿಯ ತನ್ನ ಪಟ್ಟಿಯಲ್ಲಿ ಸಾಕುಮೊಲವನ್ನು ಉಳಿದವುಗಳಿಂದ ಬೇರ್ಪಡಿಸಿದೆ. ಹಂಗೆರಿಯ ಕಾಡುಮೊಲದ ವ್ಯಾಪಾರ ಅಲ್ಲಿಯಾದರೂ ಕಣ್ಣಿಗೆ ಬೀಳುತ್ತದೆ. ಆದರೆ ತಳಿ, ಮಾಂಸ, ಮುದ್ದು ಮೂರೂ ಅಲ್ಲೂ ಒಂದೇ ಬುಟ್ಟಿಯಲ್ಲಿವೆ.

ಹಾಗಾದರೆ ಮೊಲದ ನಿಜವಾದ ಬೆಲೆ ಎಲ್ಲಿ ಸಿಗುತ್ತದೆ? ಸ್ಪೇನಿನ ಕ್ಯಾಟಲೋನಿಯಾದ ಬೆಲ್‌ಪುಚ್ ಎಂಬ ಪುಟ್ಟ ಪಟ್ಟಣದಲ್ಲಿ ವಾರವಾರವೂ ಜೀವಂತ ಮೊಲದ ಕಿಲೋ ದರ ಹೊರಬೀಳುತ್ತದೆ. ಇಟಲಿಯ ವೆರೋನಾದಲ್ಲಿ ಸಾಕಣೆದಾರರು, ಕಸಾಯಿಖಾನೆಯವರು ಎದುರುಬದುರು ಕೂತು ರಾಷ್ಟ್ರೀಯ ದರ ಆಯೋಗದ ಮೂಲಕ ದರ ಕಟ್ಟುತ್ತಾರೆ. ಇಲ್ಲಿ ಪ್ರಾಣಿ ಯಾವುದು, ತೂಕ ಎಷ್ಟು, ವಾರ ಯಾವುದು ಎಂಬುದರಲ್ಲಿ ಗೊಂದಲವಿಲ್ಲ. ಸ್ಪೇನಿನವರು ಸುಮಾರು ಎರಡು ಕಿಲೋಗೇ ಕಡಿದರೆ ಇಟಲಿಯವರಿಗೆ ಎರಡೂವರೆ ದಾಟಿದ ಮೊಲ ಬೇಕು. ಬೇಸಿಗೆಯಲ್ಲಿ ತಿನ್ನುವವರು ಕಡಿಮೆ, ದರ ಇಳಿಯುತ್ತದೆ. ಬಿಸಿಲಿಗೆ ಗರ್ಭ ಕಟ್ಟುವುದೂ ಕುಗ್ಗುವುದರಿಂದ ಶರತ್ಕಾಲದಲ್ಲಿ ಮೊಲ ಕಡಿಮೆಯಾಗಿ ದರ ಏರುತ್ತದೆ. ವಾರ್ಷಿಕ ಸರಾಸರಿಯಲ್ಲಿ ಈ ಏರಿಳಿತವೆಲ್ಲ ಚಪ್ಪಟೆ.

ಬೆಲೆಯೊಳಗೆ ಸೇರದ ವೆಚ್ಚವೂ ಒಂದಿದೆ. 1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ಜರ್ಮನಿಯಿಂದ ತರಿಸಿದ ಅಂಗೋರಾ ಮೊಲಗಳಲ್ಲಿ ರಕ್ತಸ್ರಾವದ ಹೊಸ ರೋಗವೊಂದು ಮೊದಲು ಕಾಣಿಸಿಕೊಂಡಿತು. ಒಂದು ವರ್ಷದೊಳಗೆ ಆ ದೇಶದ ಕೋಟ್ಯಂತರ ಸಾಕುಮೊಲಗಳು ಸತ್ತವು. ಮುಂದೆ ಅದು ಖಂಡಗಳನ್ನೇ ದಾಟಿತು. ಆಸ್ಟ್ರೇಲಿಯಾ ಇಂದು ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲಿಂದಲೂ ಮೊಲ ಒಳಬಿಡುವುದಿಲ್ಲ. ಇಂಥ ನಿರ್ಬಂಧಗಳು ವಹಿವಾಟನ್ನು ಯಾವ ಬೆಲೆಗಿಂತಲೂ ಹೆಚ್ಚಾಗಿ ಆಳುತ್ತವೆ. ಹಳೆಯ ಅಂಕಿಗಳ ಗೆರೆಯನ್ನೇ ಮುಂದಕ್ಕೆ ಎಳೆದು ಬರೆದ ಮುನ್ನೋಟದಲ್ಲಿ ರೋಗಕ್ಕೂ ನಿಷೇಧಕ್ಕೂ ಜಾಗವೇ ಇಲ್ಲ.

ಕರ್ನಾಟಕದ ಸಾಕಣೆದಾರರಿಗೆ ಇದರಿಂದೇನು ಎಂದು ಕೇಳಬಹುದು. ನಮ್ಮಲ್ಲಿ ಕಾಡುಮೊಲ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಹಿಡಿದು ಮಾರುವಂತಿಲ್ಲ. ಸಾಕುವವರು ನೆಚ್ಚಿರುವುದು ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾದಂಥ ತಳಿಗಳನ್ನು. ಕೊಡೈಕೆನಾಲ್ ಬಳಿಯ ಮನ್ನವನೂರಿನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಇವೆರಡನ್ನೂ ಬೆಳೆಸುತ್ತಾರೆ. ಗಂಡು ಹೆಣ್ಣುಗಳನ್ನು ಒಂದು ಗುಂಪಾಗಿಸಿ ‘ಯುನಿಟ್’ ಲೆಕ್ಕದಲ್ಲಿ ತಳಿಮೊಲ ಮಾರುವವರು ಹೇಳುವುದು ತಳಿಯ ದರ, ಮರಿ ಬೆಳೆದ ಮೇಲೆ ರೈತನ ಕೈಗೆ ಬರುವುದು ಮಾಂಸದ ದರ. ಎರಡನ್ನೂ ಬೆರೆಸಿ ತೋರಿಸಿದ ಲಾಭದ ಪಟ್ಟಿಗೆ ‘ಅಂತರರಾಷ್ಟ್ರೀಯ ಸರಾಸರಿ’ಯ ಮೊಹರು ಬಿದ್ದರೆ ಅದನ್ನು ನಂಬುವವರೂ ಸಿಗುತ್ತಾರೆ. ಕಸ್ಟಮ್ಸ್ ಅಂಕಿಯಿಂದ ಸರಕು ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ತಿಳಿಯಬಹುದು, ಆ ಕೆಲಸಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಬೆಲೆಯ ಮಾತು ಬಂದಾಗ ಮಾತ್ರ ಕೊಳ್ಳುವವರು ಯಾರು, ಯಾವ ತೂಕಕ್ಕೆ, ಯಾವ ವಾರ ಎಂದು ಕೇಳಲೇಬೇಕು. ಈ ಮೂರಕ್ಕೂ ಉತ್ತರ ಕೊಡದ ದರವನ್ನು ನಂಬಿ ಯಾರೂ ಬ್ಯಾಂಕಿನ ಸಾಲಕ್ಕೆ ಸಹಿ ಹಾಕಬಾರದು.