ಶೇಕಡಾ ನಲವತ್ತರ ಗೆರೆ

2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ತಿಕೋಟಾ ಭಾಗದ ಕನಮಡಿಯಂತಹ ಗಡಿಹಳ್ಳಿಗಳ ಹೆಣ್ಣುಮಕ್ಕಳಿಗೂ ಉನ್ನತ ಶಿಕ್ಷಣ ಹತ್ತಿರವಾಯಿತು. ಆದರೆ ದಿನವೂ ಬಸ್ಸು ಹತ್ತಿಳಿಯಲಾಗದ ಹುಡುಗಿಗೆ ತರಗತಿಯಲ್ಲಿ ಸೀಟು ಸಿಕ್ಕರಷ್ಟೇ ಸಾಲದು. ವಾಸಕ್ಕೆ ಯೋಗ್ಯವಾದ ಹಾಸ್ಟೆಲ್ ಕೋಣೆಯೂ ಬೇಕು.

ನಮ್ಮಲ್ಲಿ ಹಾಸ್ಟೆಲ್ ಅರ್ಜಿಗಳು ಸಾಮಾನ್ಯವಾಗಿ ಜಾತಿ, ಆದಾಯ, ಅಂಕಗಳನ್ನು ಕೇಳುತ್ತವೆ. ವೈಕಲ್ಯವಿದ್ದರೆ ಶೇಕಡಾ ಎಷ್ಟೆಂದು ಕೇಳಿ ಸುಮ್ಮನಾಗುತ್ತವೆ. ನೆಲಮಹಡಿಯ ಕೋಣೆ ಬೇಕೇ, ಕಮೋಡ್ ಬೇಕೇ, ಇನ್ಸುಲಿನ್ ಇಡಲು ಫ್ರಿಜ್ ಬೇಕೇ ಎಂದು ಕೇಳುವವರು ವಿರಳ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಶೇ. 5 ಮೀಸಲಾತಿಗೆ ಕನಿಷ್ಠ ಶೇ. 40 ವೈಕಲ್ಯವಿರಬೇಕು. ಮೀಸಲಾತಿಗೆ ಇಂತಹದೊಂದು ಗೆರೆ ಬೇಕಾದೀತು. ಆದರೆ ಮೆಟ್ಟಿಲು ಹತ್ತುವ ಕಷ್ಟ ಶೇ. 39 ಇದ್ದವಳಿಗೆ ಇಲ್ಲವೇ? 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪರೀಕ್ಷೆ ಬರೆಯಲು ಸಹಾಯಕರನ್ನು ಪಡೆಯುವ ಸೌಲಭ್ಯ ಶೇ. 40 ದಾಟಿದವರಿಗೆ ಮಾತ್ರ ಸೀಮಿತವಲ್ಲ ಎಂದಿತು. ಪರೀಕ್ಷಾ ಕೊಠಡಿಗೆ ಒಪ್ಪುವ ನ್ಯಾಯ ಹಾಸ್ಟೆಲ್ ಕೋಣೆಗೆ ಏಕೆ ಒಪ್ಪಬಾರದು?

ತಪ್ಪು ಕಚೇರಿಗಳದ್ದು ಮಾತ್ರವಲ್ಲ. ಮದುವೆಗೆ ತೊಡಕಾದೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಟ್ಟು ಅರ್ಜಿ ತುಂಬಿಸುವವರು ನಾವೇ. ಮೂರನೇ ಮಹಡಿಯ ಕೋಣೆ ಸಿಕ್ಕಿ, ಆಕೆ ಓದು ಬಿಟ್ಟು ಮನೆಗೆ ಮರಳಿದಾಗ 'ಅವಳಿಗೇ ಓದು ಬೇಡವಾಯಿತು' ಎನ್ನುವವರೂ ನಾವೇ.

'ಇಲ್ಲಿ ವಾಸಿಸಲು ನಿಮಗೆ ಏನು ಬೇಕು?' ಎಂಬ ಒಂದು ಸಾಲು ಅರ್ಜಿಯಲ್ಲಿರಲಿ. ಕೋಣೆ ಹಂಚುವ ಮುನ್ನವೇ ಅದಕ್ಕೆ ಲಿಖಿತ ಉತ್ತರ ಸಿಗಲಿ. ಅದನ್ನು ನಿರ್ಭಯವಾಗಿ ತುಂಬುವ ಧೈರ್ಯವನ್ನು ಮಗಳಿಗೆ ಮನೆಯವರು ಕೊಡಲಿ.