ಹುಚ್ಚು ಇಳಿದ ಮೇಲೆ

ದುರಂತ ನಾಟಕದ ನಾಯಕನಿಗೆ ಹುಚ್ಚು ಹಿಡಿದ ಕೂಡಲೇ ನಾವು ತೀರ್ಪು ಕೊಟ್ಟುಬಿಡುತ್ತೇವೆ: ‘ಪಾಪ, ತಲೆ ಕೆಟ್ಟು ಹಾಗೆ ಮಾಡಿದ.’ ಅಲ್ಲಿಗೆ ಮಾತು ಮುಗಿಯಿತು. ಆದರೆ ಗ್ರೀಕ್ ಕವಿ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ನಿಧಾನವಾಗಿ ಓದಿದರೆ ಈ ತೀರ್ಪು ನಿಲ್ಲುವುದಿಲ್ಲ.

ಕತೆ ಇಷ್ಟು. ಟ್ರಾಯ್ ಯುದ್ಧದಲ್ಲಿ ಅಕಿಲಿಸ್ ಸತ್ತ ಮೇಲೆ ಅವನ ಆಯುಧಗಳು ಏಜಾಕ್ಸನಿಗೆ ಸಿಗದೆ ಒಡಿಸ್ಯೂಸನ ಪಾಲಾಗುತ್ತವೆ. ಅವಮಾನ ತಾಳದೆ ಏಜಾಕ್ಸ್ ರಾತ್ರಿ ಕತ್ತಿ ಹಿಡಿದು ತನ್ನ ಪಕ್ಷದ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿಗೆ ಮರುಳು ಕವಿಸುತ್ತಾಳೆ. ಹಗೆಗಳೆಂದು ತಿಳಿದು ದನ, ಕುರಿ, ಅವುಗಳ ಕಾವಲಿನವರು ಎಲ್ಲರನ್ನೂ ಕಡಿಯುತ್ತಾನೆ; ಒಂದು ಟಗರನ್ನು ಕಂಬಕ್ಕೆ ಕಟ್ಟಿ ಒಡಿಸ್ಯೂಸನೆಂದೇ ಬಾರಿಸುತ್ತಾನೆ.

ಈಗ ಲೆಕ್ಕ ಹಾಕಿ ನೋಡುವ. ಕೊಲ್ಲಬೇಕೆಂದು ಹೊರಟದ್ದು ಯಾವಾಗ? ಬುದ್ಧಿ ನೆಟ್ಟಗಿದ್ದಾಗ. ಹೆಕ್ಟರ್ ಕೊಟ್ಟ ಕತ್ತಿಯ ಮೇಲೆ ಬಿದ್ದು ಸತ್ತದ್ದು ಯಾವಾಗ? ಬುದ್ಧಿ ತಿರುಗಿ ಬಂದ ಮೇಲೆ. ನಡುವಿನ ಮರುಳು ಗುರಿಯನ್ನು ತಪ್ಪಿಸಿತು, ಅಷ್ಟೆ. ಕೊಲೆಯ ಯೋಚನೆಯನ್ನು ಅದು ಹುಟ್ಟಿಸಲಿಲ್ಲ. ದೇವರ ಸಹಾಯವಿಲ್ಲದೆಯೂ ಗೆಲ್ಲುತ್ತೇನೆಂದು ಯುದ್ಧಕ್ಕೆ ಹೊರಡುವಾಗಲೇ ತಂದೆಗೆ ಹೇಳಿದವನು ಅವನು. ಸೊಕ್ಕು ಹಳೆಯದು, ಮರುಳು ಒಂದು ರಾತ್ರಿಯದು. ಎಚ್ಚರವಾದ ಮೇಲೂ ಅವನನ್ನು ಸುಡುವುದು ‘ಕೊಲ್ಲಹೊರಟೆನಲ್ಲಾ’ ಎಂಬ ಪಶ್ಚಾತ್ತಾಪವಲ್ಲ, ‘ಹಗೆಗಳು ನಗುತ್ತಾರಲ್ಲಾ’ ಎಂಬ ನಾಚಿಕೆ. ನೀನು ಸತ್ತರೆ ನಾನೂ ಮಗುವೂ ಅನ್ಯರ ಆಳುಗಳಾಗುತ್ತೇವೆಂದು ಟೆಕ್ಮೆಸಾ ಅಂಗಲಾಚುತ್ತಾಳೆ. ಅವನು ಬಗ್ಗುವುದಿಲ್ಲ.

ಇದರ ಪಕ್ಕದಲ್ಲಿ ಯೂರಿಪಿಡಿಸನ ‘ಹೆರಾಕ್ಲಿಸ್’ ಇಟ್ಟು ನೋಡಿ. ಅಲ್ಲಿ ನಾಯಕ ಮರುಳಿನಲ್ಲಿ ಹೆಂಡತಿ ಮಕ್ಕಳನ್ನೇ ಕೊಲ್ಲುತ್ತಾನೆ. ಅವನಿಗಾದ ನಷ್ಟ ಏಜಾಕ್ಸನದಕ್ಕಿಂತ ಎಷ್ಟೋ ದೊಡ್ಡದು. ಅವನೂ ಸಾಯಲು ಯೋಚಿಸುತ್ತಾನೆ. ಗೆಳೆಯ ಥೀಸಿಯಸ್ ಕೈ ಹಿಡಿದಾಗ ಬದುಕಲು ಒಪ್ಪುತ್ತಾನೆ. ಹುಚ್ಚೇ ನಾಯಕನನ್ನು ರೂಪಿಸುವುದಾದರೆ ಇಬ್ಬರ ದಾರಿ ಬೇರೆಯಾದದ್ದು ಹೇಗೆ? ಹುಚ್ಚು ಇಳಿದ ಮೇಲೆ ಮಾಡುವ ಆಯ್ಕೆಯಲ್ಲಿ ನಾಯಕನ ಗುಣ ಕಾಣುತ್ತದೆ.

ಬಿ.ಎಂ. ಶ್ರೀಕಂಠಯ್ಯನವರು ‘ಏಜಾಕ್ಸ್’ ನಾಟಕದ ಎರಕದಲ್ಲಿ ‘ಅಶ್ವತ್ಥಾಮನ್’ (1929) ಬರೆದರು. ಆಯ್ಕೆ ಸರಿಯಾಗಿಯೇ ಇದೆ. ಮಹಾಭಾರತದಲ್ಲಿ ಗೂಬೆ ಕಾಗೆಗಳನ್ನು ಕೊಲ್ಲುವುದನ್ನು ಕಂಡು ಅಶ್ವತ್ಥಾಮನಿಗೆ ಉಪಾಯ ಹೊಳೆದದ್ದು, ಕೃಪ ಬೇಡವೆಂದದ್ದು ಎಲ್ಲ ಮೊದಲು. ಶಿವ ಅವನ ಮೈಯನ್ನು ಹೊಕ್ಕದ್ದು ಆಮೇಲೆ. ತಾಳಮದ್ದಳೆಯಲ್ಲಿ ಅಶ್ವತ್ಥಾಮ ‘ಕೊಂದದ್ದು ನಾನಲ್ಲ, ನನ್ನೊಳಗಿನ ರುದ್ರ’ ಎಂದು ವಾದಿಸಿದರೆ, ಎದುರಿನ ಅರ್ಥಧಾರಿ ಈ ಕ್ರಮವನ್ನು ಹಿಡಿದೇ ಕೇಳಬಹುದು: ‘ಹೊರಟದ್ದು ಯಾರು ಮಾರಾಯ?’

ಹಾಗಾದರೆ ನಾಟಕದಲ್ಲಿ ಹುಚ್ಚಿಗೆ ಕೆಲಸವೇ ಇಲ್ಲವೇ? ಇದೆ, ಆದರೆ ಅದು ನೋಡುವವರ ಮೇಲೆ. ಮರುಳಾದ ವೈರಿಯನ್ನು ಕಂಡು ನಗು ಎಂದು ಅಥೀನಾ ಕರೆದರೂ ಒಡಿಸ್ಯೂಸ್ ನಗುವುದಿಲ್ಲ. ನನ್ನ ಪಾಡೂ ಇಷ್ಟೇ ಎಂದು ಮರುಗುತ್ತಾನೆ. ಮುಂದೆ ಅಗಮೆಮ್ನಾನ್ ಹೆಣ ಹೂಳಬಾರದೆಂದು ಹಟ ಹಿಡಿದಾಗ, ಹೂಳಲೇಬೇಕೆಂದು ವಾದಿಸಿ ಗೆಲ್ಲುವವನೂ ಅದೇ ಒಡಿಸ್ಯೂಸ್.

ಶಾಲೆಯಲ್ಲಿ ಈ ನಾಟಕಗಳ ಬಗ್ಗೆ ಮಾತು ಬಂದರೆ ಮಕ್ಕಳಿಗೆ ಇಷ್ಟನ್ನು ಹೇಳಬೇಕು. ತಪ್ಪನ್ನೆಲ್ಲ ಹುಚ್ಚಿನ ಖಾತೆಗೆ ಬರೆದರೆ ಏಜಾಕ್ಸ್ ಬರೇ ಒಬ್ಬ ರೋಗಿಯಾಗುತ್ತಾನೆ, ಅವನ ದೊಡ್ಡಸ್ತಿಕೆಯೂ ಹೋಗುತ್ತದೆ. ಸೊಫೊಕ್ಲಿಸ್ ಅವನ ತಪ್ಪನ್ನು ಅವನ ಹೆಸರಿನಲ್ಲೇ ಉಳಿಸಿದ; ಆದರೂ ಅವನ ಹೆಣವನ್ನು ನಾಯಿ ಹದ್ದುಗಳಿಗೆ ಬಿಡಲಿಲ್ಲ.