ಪಂಕ್ತಿಗೆ ಎಷ್ಟು ಎಲೆ?

ಐರೋಲಿಯಲ್ಲಿ ಪನವೇಲ್ ಗಾಡಿಯನ್ನೇರಿ, ರಬಾಳೆ, ಘನಸೋಲಿ, ಕೋಪರ್‌ಖೈರಣೆ, ತುರ್ಭೆಗಳನ್ನು ಹಾದು, ನೇರೂಳಿನಲ್ಲಿ ಇಳಿದು ಡಿ.ವೈ. ಪಾಟೀಲ ಕ್ರೀಡಾಂಗಣದತ್ತ ನಡೆಯುವ ಸಹಸ್ರಾರು ಜನರಲ್ಲಿ, ತಾವು ನೋಡಹೊರಟ ಫೈನಲ್ ಪಂದ್ಯಕ್ಕೆ ಆ ಎರಡು ತಂಡಗಳೇ ಏತಕ್ಕಾಗಿ ಬಂದುವೆಂದು ವಿಚಾರಿಸುವವರು ವಿರಳ. ಬಂದಿವೆ, ಆಡುತ್ತವೆ, ನೋಡೋಣ ಎಂಬಷ್ಟರಲ್ಲಿಯೇ ಲೋಕವು ತೃಪ್ತವಾಗಿಬಿಡುತ್ತದೆ. ಆದರೆ 2014ರ ಡಿಸೆಂಬರ್ 20ರಂದು ಇದೇ ಅಂಗಳದಲ್ಲಿ ಇಂಡಿಯನ್ ಸೂಪರ್ ಲೀಗಿನ ಮೊಟ್ಟಮೊದಲ ಫೈನಲ್ ನಡೆದಾಗ ಆ ಪ್ರಶ್ನೆಯನ್ನು ಕೇಳದಿರುವುದು ಕಷ್ಟವಾಗಿತ್ತು. ಎಂಟು ತಂಡಗಳು ಪರಸ್ಪರ ಎರಡೆರಡು ಸಲ ಆಡಿ ಮುಗಿಸಿದ್ದ ಆ ಲೀಗಿನಲ್ಲಿ ಪ್ರಥಮಸ್ಥಾನವನ್ನು ಪಡೆದ ಚೆನ್ನೈಯಿನ್ ತಂಡವೂ ಅಂದು ಮೈದಾನದಲ್ಲಿರಲಿಲ್ಲ, ದ್ವಿತೀಯಸ್ಥಾನದ ಗೋವಾ ತಂಡವೂ ಇರಲಿಲ್ಲ. ಮೂರನೆಯದಾದ ಕೋಲ್ಕತಾ ತಂಡವು ನಾಲ್ಕನೆಯದಾದ ಕೇರಳ ತಂಡವನ್ನು ಮೊಹಮ್ಮದ್ ರಫೀಕ್ ಪಂದ್ಯದ ಕಟ್ಟಕಡೆಯ ಗಳಿಗೆಯಲ್ಲಿ ಹೊಡೆದ ಏಕಮಾತ್ರ ಗೋಲಿನಿಂದ ಸೋಲಿಸಿ, ಸಕಲ ವೈಭವದೊಡನೆ ಭಾರತದ ಚಾಂಪಿಯನ್ ಎನಿಸಿಕೊಂಡಿತು.

ಲೀಗಿನಿಂದ ಎಷ್ಟು ತಂಡಗಳು ಅಂತಿಮ ಘಟ್ಟವನ್ನು ಪ್ರವೇಶಿಸಬೇಕು? ಎರಡೋ, ನಾಲ್ಕೋ, ಆರೋ? ಐರೋಲಿಯಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ನನ್ನ ಮಿತ್ರರೊಬ್ಬರಿಗೂ ನನಗೂ ಈ ವಿಷಯದಲ್ಲಿ ವರ್ಷಾನುಗಟ್ಟಲೆಯಿಂದ ವ್ಯಾಜ್ಯ ನಡೆದಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಅವರು ಕೊಡುವ ತೀರ್ಪು ಅವರ ವೃತ್ತಿಗೆ ತಕ್ಕದ್ದಾಗಿಯೇ ಇರುತ್ತದೆ: “ಪಂಕ್ತಿಯಲ್ಲಿ ಇನ್ನೆರಡು ಎಲೆ ಹಾಕಿದರೆ ಯಾರ ಪಾಯಸ ಕಡಿಮೆಯಾಗ್ತದೆ ಮಾರಾಯ್ರೆ?” ಪಂಕ್ತಿಯ ಊಟದಲ್ಲಿ ಕಡಿಮೆಯಾಗದೆ ಇರಬಹುದು, ಆಟದಲ್ಲಿ ಆಗುತ್ತದೆ, ಮತ್ತು ಆಗುವುದು ಮೊದಲನೆಯ ಎಲೆಯವನಿಗೇ ಎಂಬುದು ನನ್ನ ಪಕ್ಷ.

ಈ ಸಂಖ್ಯೆಯನ್ನು ದಾಕ್ಷಿಣ್ಯದಿಂದಾಗಲಿ ಆದಾಯದಿಂದಾಗಲಿ ನಿಶ್ಚಯಿಸತಕ್ಕದ್ದಲ್ಲ. ಸ್ಪರ್ಧಿಗಳು ಅದುವರೆಗೆ ಪರಸ್ಪರ ಎಷ್ಟರಮಟ್ಟಿಗೆ ಮುಖಾಮುಖಿಯಾಗಿದ್ದಾರೆ ಎಂಬುದರಿಂದ ನಿಶ್ಚಯಿಸಬೇಕು. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಿ ಮುಗಿಸಿರುವಲ್ಲಿ ಅಂಕಪಟ್ಟಿಯೇ ತೀರ್ಪು. ಅದರ ಮೇಲಣ ಮೇಲ್ಮನವಿಗೆ ಎಷ್ಟು ಜನರನ್ನು ಕರೆದರೆ ಅಷ್ಟರಮಟ್ಟಿಗೆ ತೀರ್ಪಿನ ಗೌರವ ಕುಗ್ಗುತ್ತದೆ. ಒಬ್ಬರನ್ನೊಬ್ಬರು ಕಣ್ಣಿನಿಂದಲೂ ನೋಡದ ತಂಡಗಳಿರುವಲ್ಲಾದರೋ ಪಟ್ಟಿಯು ಬರಿಯ ಊಹೆ. ಅಲ್ಲಿ ಹೆಚ್ಚು ಜನರನ್ನು ಕರೆಯದಿರುವುದೇ ಅನ್ಯಾಯ.

ಎರಡನೆಯ ಬಗೆಗೆ ನಮ್ಮ ರಣಜಿ ಟ್ರೋಫಿಗಿಂತ ಮಿಗಿಲಾದ ದೃಷ್ಟಾಂತವಿಲ್ಲ. 1957-58ರಿಂದ ದೇಶವನ್ನು ಐದು ವಲಯಗಳಾಗಿ ಹಂಚಿ, ವಲಯದೊಳಗೆ ಲೀಗ್ ಆಡಿಸಿ, ಪ್ರತಿಯೊಂದು ವಲಯದ ಪ್ರಥಮ ತಂಡವನ್ನು ಮಾತ್ರವೇ ನಾಕೌಟಿಗೆ ಕರೆಯುವ ಪದ್ಧತಿ ಇತ್ತು. ಮುಂಬಯಿಯ ತಂಡವು ಪಶ್ಚಿಮ ವಲಯದಲ್ಲಿ ಮಹಾರಾಷ್ಟ್ರ, ಗುಜರಾತ, ಬರೋಡ, ಸೌರಾಷ್ಟ್ರಗಳೊಡನೆ ಆಡುತ್ತಿದ್ದಿತು; ಮೈಸೂರು ತಂಡವು ಮದರಾಸು, ಹೈದರಾಬಾದುಗಳಂಥ ಘಟಾನುಘಟಿಗಳನ್ನು ದಕ್ಷಿಣದಲ್ಲಿಯೇ ಗೆದ್ದ ಹೊರತು ಮುಂಬಯಿಯ ಮುಖವನ್ನೂ ಕಾಣುವಂತಿರಲಿಲ್ಲ. ದಕ್ಷಿಣದ ಎರಡನೆಯ ತಂಡವು ಬೇರೊಂದು ವಲಯದ ಮೊದಲನೆಯದಕ್ಕಿಂತ ಉತ್ತಮವಾಗಿದ್ದಿರಬಹುದೆಂಬ ಸಂಶಯಕ್ಕೆ ಆ ವ್ಯವಸ್ಥೆಯಲ್ಲಿ ಪರಿಹಾರವೇ ಇರಲಿಲ್ಲ. 1970-71ರಿಂದ ವಲಯಕ್ಕೆ ಎರಡರಂತೆ ಹತ್ತು ತಂಡಗಳು ಬರತೊಡಗಿದುವು. ಇದು ನ್ಯಾಯ. ಮುಂದೆ 1992-93ರಲ್ಲಿ ವಲಯಕ್ಕೆ ಮೂರರಂತೆ ಹದಿನೈದಾದುವು. ಐದು ತಂಡಗಳ ವಲಯದಿಂದ ಮೂರು ತಂಡಗಳು ತೇರ್ಗಡೆಯಾಗುವುದಾದರೆ ಉಳಿದೆರಡನ್ನು ಮಾತ್ರ ಹೊರಗಿಡಲು ಅಷ್ಟು ದಿನಗಳ ಕ್ರಿಕೆಟ್ ಆಡಬೇಕಾಗಿತ್ತೆ?

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಹಿರಿಯ ತಲೆಮಾರು ಇಂದಿಗೂ ನೆನೆಯುವ 1974ರ ಸೆಮಿಫೈನಲ್ ಈ ಮಧ್ಯದ ಕಾಲದ್ದು. ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಗೆದ್ದು ಅದನ್ನು ತನ್ನ ಪಿತ್ರಾರ್ಜಿತ ಸ್ವತ್ತೆಂದೇ ಭಾವಿಸಿದ್ದ ಮುಂಬಯಿಯು ಬೆಂಗಳೂರಿಗೆ ಬಂದು, ಪ್ರಸನ್ನರ ಚೆಂಡಿಗೆ ಗಾವಸ್ಕರರನ್ನೂ, ಓಡುತ್ತ ಜಾರಿ ರನೌಟಾದ ವಾಡೇಕರರನ್ನೂ ಕಳೆದುಕೊಂಡು, ಮೊದಲ ಇನಿಂಗ್ಸಿನಲ್ಲಿ ಹಿಂದೆ ಬಿದ್ದು ನಿರ್ಗಮಿಸಿತು. ಕರ್ನಾಟಕವು ಜಯಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಪ್ರಥಮ ಬಾರಿಗೆ ಟ್ರೋಫಿಯನ್ನು ತಂದಿತು. ಲೀಗಿನಲ್ಲಿ ಎಂದೂ ಎದುರಾಗದ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸುವುದಕ್ಕಾಗಿಯೇ ನಾಕೌಟ್ ಎಂಬುದಿರುವುದು. ಆ ಪಂದ್ಯ ಅದರ ಶುದ್ಧ ರೂಪ. ಇನ್ನೊಂದು ಉದಾಹರಣೆ 2010-11ರದು. ಕೆಳದರ್ಜೆಯದೆಂದು ಎಣಿಸಲಾದ ಪ್ಲೇಟ್ ವಿಭಾಗದಲ್ಲಿ ಆಡುತ್ತಿದ್ದ ರಾಜಸ್ಥಾನಕ್ಕೆ, ಆ ವಿಭಾಗದ ಎರಡು ತಂಡಗಳಿಗೆ ಕ್ವಾರ್ಟರ್‌ಫೈನಲಿನಲ್ಲಿ ಸ್ಥಾನವಿದ್ದುದರಿಂದ ಅವಕಾಶ ದೊರೆಯಿತು. ಅದು ಮುಂಬಯಿಯನ್ನೂ ತಮಿಳುನಾಡನ್ನೂ ಹೊರದೂಡಿ, ಫೈನಲಿನಲ್ಲಿ ಬರೋಡವನ್ನು ಮೀರಿಸಿ ಟ್ರೋಫಿಯನ್ನೇ ಒಯ್ದಿತು. ಆ ಎರಡು ಸ್ಥಾನಗಳನ್ನು ಕೃಪೆಯೆಂದು ಕರೆದವರು ಅನಂತರ ಮೌನ ವಹಿಸಿದರು.

ಅಮೆರಿಕದವರ ಕಾಲೇಜು ಫುಟ್ಬಾಲಿನ ಗದ್ದಲವೂ ಇದೇ ಜಾತಿಯದು. ಆ ಆಟ ನಮ್ಮದಲ್ಲ, ಕಾಲಿಗಿಂತ ಕೈಯೇ ಅದರಲ್ಲಿ ಹೆಚ್ಚು. ಆದರೆ ಅಲ್ಲಿನ ಉನ್ನತ ವಿಭಾಗದಲ್ಲಿ ನೂರಮೂವತ್ತಕ್ಕೂ ಮಿಕ್ಕ ಕಾಲೇಜು ತಂಡಗಳಿದ್ದು, ಒಂದೊಂದೂ ಹನ್ನೆರಡರ ಸುಮಾರು ಪಂದ್ಯಗಳನ್ನಷ್ಟೇ ಆಡುವುದರಿಂದ, ಯಾರು ಯಾರಿಗಿಂತ ಮೇಲೆಂಬುದನ್ನು ಒಂದು ಸಮಿತಿ ಕುಳಿತು ನಿರ್ಣಯಿಸಬೇಕಾಗಿದೆ. 2014ರಿಂದ ನಾಲ್ಕೇ ತಂಡಗಳನ್ನು ಆರಿಸುತ್ತಿದ್ದ ಆ ಸಮಿತಿ 2023ರಲ್ಲಿ ಹದಿಮೂರು ಪಂದ್ಯಗಳಲ್ಲಿ ಒಂದನ್ನೂ ಸೋಲದ ಫ್ಲಾರಿಡ ಸ್ಟೇಟ್ ತಂಡವನ್ನು ಹೊರಗಿಟ್ಟು ದೇಶದ ಅರ್ಧ ಜನರ ಶಾಪಕ್ಕೆ ಗುರಿಯಾಯಿತು. ಮರುವರ್ಷ ಸಂಖ್ಯೆಯನ್ನು ಹನ್ನೆರಡಕ್ಕೇರಿಸಲಾಯಿತು; ಒಡನೆಯೇ ಎಂಟನೆಯ ಶ್ರೇಯಾಂಕದ ಓಹಾಯೋ ಸ್ಟೇಟ್, ಏಳನೆಯ ಶ್ರೇಯಾಂಕದ ನಾಟ್ರಡೇಮನ್ನು ಫೈನಲಿನಲ್ಲಿ ಸೋಲಿಸಿತು. ಇದರಿಂದ ಅಲ್ಲಿ ಸಿದ್ಧವಾದುದು ಎಂಟನೆಯವರ ಶೌರ್ಯಕ್ಕಿಂತ ಮಿಗಿಲಾಗಿ ಶ್ರೇಯಾಂಕದ ಪೊಳ್ಳುತನ. ಆದಕಾರಣ ಅಲ್ಲಿ ಹನ್ನೆರಡು ಹೆಚ್ಚಲ್ಲವೆಂದು ನಾನು ಒಪ್ಪುತ್ತೇನೆ. ಆದರೆ ಆ ವಾದವನ್ನು ಹಡಗಿನಲ್ಲಿ ತಂದು ಕೆಲವೇ ತಂಡಗಳ ನಮ್ಮ ಸೂಪರ್ ಲೀಗಿನ ಮೇಲೆ ಇಳಿಸುವುದು ಸಲ್ಲದು.

ನಮ್ಮ ಲೀಗಿನ ಸಂಗತಿಯೇ ಬೇರೆ. ಪ್ಲೇಆಫ್ ಎಂಬುದಿಲ್ಲದೆಯೂ ಲೀಗ್ ಎಷ್ಟು ರೋಮಾಂಚಕವಾಗಬಲ್ಲುದೆಂಬುದನ್ನು 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದ್ದವರು ಬಲ್ಲರು. ಐ-ಲೀಗಿನ ಕಡೆಯ ಪಂದ್ಯ. ಬೆಂಗಳೂರಿಗೆ ಗೆಲವೇ ಬೇಕು, ಮೋಹನ ಬಾಗಾನಿಗೆ ಸಮಬಲ ಸಾಕು. ಜಾನ್ ಜಾನ್ಸನ್ನರ ಗೋಲಿನಿಂದ ಮುಂದಿದ್ದ ಬೆಂಗಳೂರಿನ ಕೈಯಿಂದ ಪ್ರಶಸ್ತಿಯನ್ನು 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಕಸಿದುಕೊಂಡಿತು. ಇಡೀ ಋತುವಿನ ದುಡಿಮೆಯೆಲ್ಲ ಒಂದು ಸಂಜೆಯಲ್ಲಿ ತೂಗಿದರೂ ಅದರಲ್ಲಿ ಅನ್ಯಾಯದ ಲೇಶವಿರಲಿಲ್ಲ. ಹಿಂದಣ ಪ್ರತಿಯೊಂದು ಪಂದ್ಯವೂ ಆ ಸಂಜೆಯ ಲೆಕ್ಕದಲ್ಲಿ ಜಮೆಯಾಗಿದ್ದಿತು.

ಇದಕ್ಕೆ ಪ್ರತಿಯಾಗಿ 2018ರ ಮಾರ್ಚ್ 17ನ್ನು ನೋಡಿ. ಸೂಪರ್ ಲೀಗಿಗೆ ಆಗ ತಾನೆ ಬಂದ ಬೆಂಗಳೂರು ತಂಡವು 40 ಅಂಕಗಳನ್ನು ಗಳಿಸಿ, ಎರಡನೆಯದಾದ ಚೆನ್ನೈಯಿನ್‌ಗಿಂತ ಪೂರಾ ಎಂಟು ಅಂಕ ಮುಂದಿತ್ತು. ತನ್ನದೇ ಕಂಠೀರವದಲ್ಲಿ ನಡೆದ ಫೈನಲಿನಲ್ಲಿ ಛೇತ್ರಿಯವರು ಒಂಬತ್ತನೆಯ ನಿಮಿಷದಲ್ಲಿಯೇ ಗೋಲು ಹೊಡೆದಿದ್ದರೂ 2-3ರಿಂದ ಸೋತು, ಆ ಎಂಟು ಅಂಕಗಳಿಗೆ ಪ್ರತಿಫಲವಾಗಿ ಏನನ್ನೂ ಪಡೆಯಲಿಲ್ಲ. ಲೀಗಿನ ಅಗ್ರಸ್ಥಾನಕ್ಕೆ ಶೀಲ್ಡ್ ಎಂಬ ಪ್ರತ್ಯೇಕ ಪ್ರಶಸ್ತಿಯನ್ನು ಆಡಳಿತದವರು ಕೊಡತೊಡಗಿದ್ದು 2019-20ರಿಂದ. ಒಂದೇ ಸ್ಪರ್ಧೆಗೆ ಎರಡು ಕಿರೀಟಗಳನ್ನು ಮಾಡಿಸಿದ ಅಂದಿನಿಂದ ಯಾವುದು ದೊಡ್ಡದೆಂಬ ಹೊಸ ಜಗಳವೂ ಆರಂಭವಾಯಿತು.

ನಾಲ್ಕಿದ್ದುದನ್ನು ಆರು ಮಾಡಿದುದು 2022-23ರಲ್ಲಿ. ಮೊದಲೆರಡು ತಂಡಗಳು ನೇರವಾಗಿ ಸೆಮಿಫೈನಲಿಗೆ, ಮೂರರಿಂದ ಆರರವರೆಗಿನವು ಒಂದೊಂದು ಪಂದ್ಯದ ನಾಕೌಟಿಗೆ. ಆ ವರ್ಷ ನಮ್ಮ ಮುಂಬಯಿ ಸಿಟಿ ಹದಿನೆಂಟು ಪಂದ್ಯಗಳವರೆಗೆ ಸೋಲನ್ನೇ ಅರಿಯದೆ, ಇಪ್ಪತ್ತು ಪಂದ್ಯಗಳಿಂದ 46 ಅಂಕ ಸಂಪಾದಿಸಿ ಶೀಲ್ಡನ್ನು ಗೆದ್ದುಕೊಂಡಿತು. ಅದರ ಅಜೇಯ ಯಾತ್ರೆಯನ್ನು ಮುರಿದದ್ದು ಬೆಂಗಳೂರೇ. ನಾಲ್ಕನೆಯ ಬೆಂಗಳೂರಿಗೂ ಐದನೆಯ ಕೇರಳಕ್ಕೂ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ನಾಕೌಟನ್ನು ಭಾರತದ ಫುಟ್ಬಾಲ್ ಸುಲಭವಾಗಿ ಮರೆಯಲಾರದು: ಹೆಚ್ಚಿನ ಅವಧಿಯಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೇತ್ರಿಯವರು ಫ್ರೀಕಿಕ್ಕನ್ನು ಗೋಲಿಗೆ ತೂರಿದರು, ರೆಫರಿ ಒಪ್ಪಿದರು, ಕೇರಳದ ತರಬೇತುದಾರ ವುಕೊಮಾನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡರು, ಬಳಿಕ ಆ ಸಂಸ್ಥೆಗೆ ನಾಲ್ಕು ಕೋಟಿ ರೂಪಾಯಿ ದಂಡವೂ ಅವರಿಗೆ ಹತ್ತು ಪಂದ್ಯಗಳ ನಿಷೇಧವೂ ಪ್ರಾಪ್ತವಾದುವು. ಗೋಲು ನಿಯಮಬದ್ಧವೆಂದೇ ನನ್ನ ಮತ; ಆದರೆ ಹಳೆಯ ನಾಲ್ಕರ ಪದ್ಧತಿಯಲ್ಲಿ ಆ ಪಂದ್ಯವೇ ಇರುತ್ತಿರಲಿಲ್ಲ. ಮುಂದೆ ಸೆಮಿಫೈನಲಿನಲ್ಲಿ ಬೆಂಗಳೂರು ಅಂಧೇರಿಯಲ್ಲಿ ಒಂದು ಗೋಲಿನಿಂದ ಗೆದ್ದು, ತನ್ನೂರಿನಲ್ಲಿ 1-2ರಿಂದ ಸೋತು, ಪೆನಾಲ್ಟಿಗಳಲ್ಲಿ 9-8ರಿಂದ ಮುಂಬಯಿಯನ್ನು ಹೊರಗಟ್ಟಿತು. ಫೈನಲಿನಲ್ಲಿ ಮೂರನೆಯ ಎಟಿಕೆ ಮೋಹನ ಬಾಗಾನ್, ನಾಲ್ಕನೆಯ ಬೆಂಗಳೂರನ್ನು ಮತ್ತೆ ಪೆನಾಲ್ಟಿಗಳಲ್ಲಿಯೇ ಸೋಲಿಸಿತು. ನೇರೂಳಿನ 2014 ಮರಳಿ ಬಂದಂತಾಯಿತು.

ಆರನೆಯ ತಂಡದ ಯೋಗ್ಯತೆಯನ್ನು ಕುರಿತು ವಿಚಾರ ಮಾಡಬಯಸುವವರಿಗೆ 2025ರ ಮಾರ್ಚ್ 29 ಸಾಕು. ಮೂರನೆಯದಾಗಿದ್ದ ಬೆಂಗಳೂರು ಆರನೆಯದಾಗಿದ್ದ ಮುಂಬಯಿಯನ್ನು ಅಂದು ಐದು ಗೋಲುಗಳಿಂದ ಧೂಳೀಪಟ ಮಾಡಿತು. ಅಗ್ರಸ್ಥಾನದ ಮೋಹನ ಬಾಗಾನಿಗೆ 56 ಅಂಕಗಳಿದ್ದಾಗ 36 ಅಂಕಗಳೊಡನೆ ಬಂದ ತಂಡ ಅಲ್ಲಿ ಏತಕ್ಕಿದ್ದಿತು? ಕಬಡ್ಡಿಯವರಂತೂ ಇನ್ನೂ ಉದಾರಿಗಳು: ಪ್ರೊ ಕಬಡ್ಡಿಯ ಹನ್ನೆರಡನೆಯ ಆವೃತ್ತಿಯಲ್ಲಿ ಹನ್ನೆರಡು ತಂಡಗಳ ಪೈಕಿ ಎಂಟಕ್ಕೆ ಮುಂದಣ ಹಾದಿ ತೆರೆದಿತ್ತು. ಇಷ್ಟರಮಟ್ಟಿಗೆ ಹೋದ ಮೇಲೆ ಉಳಿದ ನಾಲ್ಕನ್ನು ಮಾತ್ರ ಏಕೆ ನೋಯಿಸಬೇಕಾಗಿತ್ತೋ ತಿಳಿಯದು.

ನನ್ನ ಪಕ್ಷಕ್ಕೆ ಬಲವಾದ ಆಕ್ಷೇಪವೊಂದಿದೆ, ಅದು ಹುಟ್ಟಿದ್ದೂ ನೇರೂಳಿನಲ್ಲೇ. 2025ರ ಮಹಿಳಾ ವಿಶ್ವಕಪ್ಪಿನಲ್ಲಿ ಎಂಟು ತಂಡಗಳಿದ್ದು, ಭಾರತವು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಂಗ್ಲೆಂಡುಗಳಿಗೆ ಸಾಲಾಗಿ ಸೋತು, ಏಳು ಅಂಕಗಳೊಡನೆ ನಾಲ್ಕನೆಯದಾಗಿ ಸೆಮಿಫೈನಲನ್ನು ಸೇರಿತು. ಅಕ್ಟೋಬರ್ 30ರಂದು ಲೀಗಿನಲ್ಲಿ ಅಜೇಯವಾಗಿದ್ದ ಆಸ್ಟ್ರೇಲಿಯದ 338 ರನ್ನುಗಳನ್ನು ಬೆನ್ನಟ್ಟಿ, ಮುಂಬಯಿಯ ಹುಡುಗಿ ಜೆಮಿಮಾ ರಾಡ್ರಿಗ್ಸ್ ಅಜೇಯ 127 ಹೊಡೆದು ಕಣ್ಣೀರಿಟ್ಟ ಆ ರಾತ್ರಿ, ನವಿ ಮುಂಬಯಿಯಲ್ಲಿ ಬೇಗ ಮಲಗಿದವರು ಕಡಿಮೆ. ಮೂರು ದಿನಗಳ ತರುವಾಯ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಕಪ್ಪು ನಮ್ಮದಾಯಿತು. ಅಂತಿಮ ಘಟ್ಟಕ್ಕೆ ಎರಡೇ ತಂಡಗಳು ಸಾಕೆಂಬ ನನ್ನ ನಿಯಮ ಅಲ್ಲಿದ್ದಿದ್ದರೆ ಈ ಸುಖವೆಲ್ಲಿ ಎಂದು ಮಿತ್ರರು ಕೇಳಿದರು. ನನ್ನ ಉತ್ತರವಿಷ್ಟೆ: ಅಲ್ಲಿ ಪ್ರತಿಯೊಂದು ಜೋಡಿಯೂ ಒಂದೊಂದೇ ಸಲ ಎದುರಾಗುವುದು, ಅದರಲ್ಲಿಯೂ ಕೆಲವು ಪಂದ್ಯಗಳನ್ನು ಮಳೆ ನುಂಗಿತು; ನಮ್ಮ ಬಾಂಗ್ಲಾದೇಶದ ಪಂದ್ಯ ಇದೇ ಅಂಗಳದಲ್ಲಿ ಹಾಗೆ ಕೊಚ್ಚಿಹೋಯಿತು. ಅರ್ಧ ಬರೆದ ತೀರ್ಪಿಗೆ ನಾಲ್ವರು ಮೇಲ್ಮನವಿದಾರರಿರುವುದು ಯುಕ್ತವೇ. “ವಕೀಲರ ಹಾಗೆ ಮಾತಾಡ್ತೀರಿ” ಎಂದು ಅವರು ಚಹಾ ತರಿಸಿದರು.

ಅವರ ವಾದದಲ್ಲಿ ನಾನು ಮನ್ನಿಸುವ ಅಂಶವೂ ಇಲ್ಲದಿಲ್ಲ. ಏಳನೆಯವನಿಗೂ ಆಸೆಯಿರುವ ತನಕ ಫೆಬ್ರುವರಿಯ ಪಂದ್ಯಗಳಿಗೆ ಜನ ಬರುತ್ತಾರೆ; ಆಸೆಯಳಿದ ತಂಡದ ಆಟವನ್ನು ನೋಡುವುದರಷ್ಟು ಬೇಸರದ ಕೆಲಸ ಬೇರಿಲ್ಲ. ಆದುದರಿಂದ ನಾಲ್ಕನ್ನು ಇಟ್ಟುಕೊಳ್ಳಲೇಬೇಕೆಂದಾದರೆ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದವರು 1931ರಲ್ಲಿ ತಮ್ಮ ಫುಟ್ಬಾಲಿಗೆ ಅಳವಡಿಸಿಕೊಂಡ ಪೇಜ್ ಪದ್ಧತಿಯಾದರೂ ಇರಲಿ. ಐಪಿಎಲ್ಲಿನವರು 2011ರಲ್ಲಿ ಅದನ್ನು ಸ್ವೀಕರಿಸಿದರು: ಮೊದಲಿಬ್ಬರಲ್ಲಿ ಸೋತವನಿಗೆ ಇನ್ನೊಂದು ಅವಕಾಶ, ಮೂರು ನಾಲ್ಕನೆಯವರಿಗೆ ಒಂದೇ ಏಟು. ಆ ವರ್ಷವೇ ಅಗ್ರಸ್ಥಾನದ ನಮ್ಮ ಬೆಂಗಳೂರು ವಾಂಖೇಡೆಯಲ್ಲಿ ಚೆನ್ನೈಗೆ ಸೋತರೂ ಹೊರಬೀಳದೆ, ಮುಂಬಯಿಯನ್ನು ಸೋಲಿಸಿ ಫೈನಲಿಗೇರಿತು. ಅಲ್ಲಿ ಮತ್ತೆ ಚೆನ್ನೈಗೆ ಸೋತುದು ಬೇರೆ ಮಾತು. ಮೊದಲನೆಯವರಾಗಿದ್ದುದಕ್ಕೆ ಕೂಲಿಯಾದರೂ ದಕ್ಕಿತು.

ಆದರೆ ಸೂಪರ್ ಲೀಗಿಗೆ ನನ್ನ ಸಂಖ್ಯೆ ಎರಡೇ: ಫೈನಲ್ ಮೊದಲನೆಯವನ ಅಂಗಳದಲ್ಲಿ, ಸಮಬಲವಾದರೆ ಕಪ್ಪು ಮೊದಲನೆಯವನಿಗೆ. ಇದರಿಂದ ಆಟ ಬಡವಾಗುವುದೆಂದು ಹೇಳುವವರು ಹಿಂದಣ ಫೈನಲುಗಳನ್ನು ತಿರುವಿ ನೋಡಲಿ. 2018ರಲ್ಲಿ ಬೆಂಗಳೂರು–ಚೆನ್ನೈಯಿನ್, 2019ರಲ್ಲಿ ರಾಹುಲ್ ಭೇಕೆ 117ನೆಯ ನಿಮಿಷದಲ್ಲಿ ಹೊಡೆದ ಗೋಲಿನಿಂದ ಅಂಧೇರಿಯಲ್ಲಿ ಮುಗಿದ ಬೆಂಗಳೂರು–ಗೋವಾ, 2021ರಲ್ಲಿ ಮುಂಬಯಿ–ಎಟಿಕೆ ಮೋಹನ ಬಾಗಾನ್, 2024ರಲ್ಲಿ ಮುಂಬಯಿ–ಮೋಹನ ಬಾಗಾನ್: ಈ ನಾಲ್ಕರಲ್ಲಿಯೂ ಆಡಿದವರು ಪಟ್ಟಿಯ ಮೊದಲಿಬ್ಬರೇ, ಎರಡು ಬಾರಿ ಮೊದಲನೆಯವರೂ ಎರಡು ಬಾರಿ ಎರಡನೆಯವರೂ ಗೆದ್ದರು. ಸೆಮಿಫೈನಲುಗಳ ಸುತ್ತುಬಳಸಿನ ದಾರಿ ಹಿಡಿದು ಆ ವರ್ಷಗಳಲ್ಲಿ ನಾವು ತಲುಪಿದ್ದು ಲೀಗ್ ತೋರಿಸಿದ್ದ ಊರಿಗೇ. 2023ರಲ್ಲಿ ಮಾತ್ರ ನನ್ನ ನಿಯಮದಂತೆ ಮುಂಬಯಿಗೂ ಹೈದರಾಬಾದಿಗೂ ಫೈನಲ್ ನಡೆದು, ಬೆಂಗಳೂರು ಮನೆಯಲ್ಲಿರುತ್ತಿತ್ತು. ಕನ್ನಡಿಗನಾಗಿ ಆ ನಷ್ಟವನ್ನು ನಾನು ಖಾತೆಗೆ ಹಾಕಿಕೊಳ್ಳಲು ಸಿದ್ಧನಿದ್ದೇನೆ. ಹೋಟೆಲಿನ ಮಿತ್ರರು ಸಿದ್ಧರಿಲ್ಲ, ಛೇತ್ರಿಯವರ ಆ ಫ್ರೀಕಿಕ್ಕನ್ನು ಬಿಟ್ಟುಕೊಡುವ ಯಾವ ನಿಯಮಕ್ಕೂ ತಾವು ರುಜು ಹಾಕುವುದಿಲ್ಲವೆಂದು ಅವರು ಹಟ ಹಿಡಿದಿದ್ದಾರೆ.